ಹಂಪಿಗೆ ಬಂದವರಲ್ಲಿ ‘ಪ್ರವಾಸಿಗ’ ಯಾರು? ಪ್ರಶ್ನಾವಳಿಯ ಬಗ್ಗೆ ತಿಳಿದವರ ಸಲಹೆ ಬೇಕು

ಹೊಸಪೇಟೆ_ಸಂಶೋಧಕಿ

ಎಲ್ಲರಿಗೂ ನಮಸ್ಕಾರ. ಹಂಪಿಗೆ ಬರುವವರ ಪ್ರಯಾಣ ವರ್ತನೆಯನ್ನು ಕುರಿತು ಪಿಎಚ್.ಡಿ. ಅಧ್ಯಯನ ಮಾಡುತ್ತಿದ್ದೇನೆ. ಪ್ರಶ್ನಾವಳಿ ಸಿದ್ಧವಾಗಿ, ಮಾರ್ಗದರ್ಶಕರ ಒಪ್ಪಿಗೆಯೂ ಸಿಕ್ಕಿ, 384 ಜನರನ್ನು ಸಂದರ್ಶಿಸುವುದೆಂದು ತೀರ್ಮಾನವಾಗಿತ್ತು. ಪೂರ್ವಪರೀಕ್ಷೆಗೆಂದು ಎರಡು ದಿನ ವಿರೂಪಾಕ್ಷ ದೇವಸ್ಥಾನದ ಮುಂದೆ ಕುಳಿತಾಗ ಮೊದಲನೆಯ ಪ್ರಶ್ನೆಯಲ್ಲಿಯೇ ಎಡವಿದೆ. ‘ತಾವು ಪ್ರವಾಸಿಗರೋ, ಸ್ಥಳೀಯರೋ?’ ಎಂಬುದು ಆ ಪ್ರಶ್ನೆ. ಕೊಪ್ಪಳದ ಕಡೆಯಿಂದ ಬಂದಿದ್ದ ಹಿರಿಯ ತಾಯಿಯೊಬ್ಬರು ನನ್ನ ಮುಖ ನೋಡಿ, ‘ಪ್ರವಾಸಕ್ಕ ಬಂದಿಲ್ಲವ್ವ, ದೇವ್ರಿಗೆ ಬಂದೀವಿ’ ಎಂದರು. ಅವರಿಗೆ ಇದು ಮನೆದೇವರು. ವರ್ಷಕ್ಕೊಮ್ಮೆ ತಪ್ಪದೆ ಬರುತ್ತಾರೆ. ಬುತ್ತಿ ಕಟ್ಟಿಕೊಂಡು ಬಂದು, ಪೌಳಿಯಲ್ಲಿ (ಗುಡಿಯ ಪ್ರಾಕಾರದೊಳಗೆ) ಮಲಗಿ, ಮರುದಿನ ಹೊಳೆಯಲ್ಲಿ ಮಿಂದು ಹೊರಡುತ್ತಾರೆ. ನನ್ನ ಹಾಳೆಯಲ್ಲಿ ವಾಸ್ತವ್ಯಕ್ಕೆ ಇದ್ದ ಆಯ್ಕೆಗಳು ಹೋಟೆಲ್, ರೆಸಾರ್ಟ್, ಹೋಂಸ್ಟೇ ಮತ್ತು ‘ಇತರೆ’ ಮಾತ್ರ. ಸಂಜೆಯ ಹೊತ್ತಿಗೆ ಎಲ್ಲಕ್ಕಿಂತ ಹೆಚ್ಚು ತುಂಬಿದ್ದು ‘ಇತರೆ’ ಎಂಬ ಮನೆಯೇ.

ಇಂಥವರನ್ನು ಅಧ್ಯಯನದಿಂದ ಹೊರಗಿಡಬೇಕೆ, ಅಥವಾ ಅಧ್ಯಯನವನ್ನೇ ತಿದ್ದಿಕೊಳ್ಳಬೇಕೆ ಎಂಬುದು ನನ್ನ ಗೊಂದಲ. ದಯವಿಟ್ಟು ತಿಳಿಸಿ.

ನಿವೃತ್ತ_ಮೇಷ್ಟ್ರು

ತಂಗೀ, ‘ಇತರೆ’ಯ ವಿಚಾರಕ್ಕೆ ಆಮೇಲೆ ಬರೋಣ. ಮೊದಲು ಆ 384ರ ಬಗ್ಗೆ ಒಂದು ಮಾತು. ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ವರ್ಷಗಳಲ್ಲಿ ಪ್ರವಾಸೋದ್ಯಮ, ವಾಣಿಜ್ಯ, ನಿರ್ವಹಣಾಶಾಸ್ತ್ರ ಯಾವುದೇ ವಿಭಾಗದ ಪ್ರಬಂಧ ಕೈಗೆ ಬಂದರೂ ಅದರಲ್ಲಿ ಈ ಸಂಖ್ಯೆಯನ್ನು ಕಂಡು ನನಗೆ ನಗು ಬರುತ್ತಿತ್ತು. ಕ್ರೆಜ್ಸಿ ಮತ್ತು ಮಾರ್ಗನ್ ಎಂಬಿಬ್ಬರು 1970ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ 10 ಲಕ್ಷದ ಜನಸಮಷ್ಟಿಗೆ, ಅಂದರೆ ಅಧ್ಯಯನಕ್ಕೆ ಒಳಪಡುವ ಒಟ್ಟು ಜನಕ್ಕೆ, ಎದುರಾಗಿ ಇರುವ ಮಾದರಿ ಗಾತ್ರ ಅದು. 1.96ರ ವರ್ಗವನ್ನು 0.25ರಿಂದ ಗುಣಿಸಿ 0.05ರ ವರ್ಗದಿಂದ ಭಾಗಿಸಿದರೆ 384.16 ಬರುತ್ತದೆ. ಅಂದರೆ 95 ಪ್ರತಿಶತ ವಿಶ್ವಾಸ, 5 ಪ್ರತಿಶತ ದೋಷಮಿತಿ. ಆದರೆ ಈ ಲೆಕ್ಕದ ಹಿಂದೆ ಒಂದು ಷರತ್ತಿದೆ: ಜನಸಮಷ್ಟಿಯ ಪ್ರತಿಯೊಬ್ಬರಿಗೂ ಮಾದರಿಯೊಳಗೆ ಬರುವ ಸಮಾನ ಅವಕಾಶ ಇರಬೇಕು. ದೇವಸ್ಥಾನದ ಮುಂದೆ ಕುಳಿತು, ಮಾತಾಡಲು ಒಪ್ಪಿದವರನ್ನಷ್ಟೇ ಕೇಳಿ ಹಾಳೆ ತುಂಬಿಸಿದರೆ ಅದು ಅನುಕೂಲದ ಮಾದರಿ. ಅದನ್ನು 384ಕ್ಕೆ ನಿಲ್ಲಿಸಿದರೂ ಅಷ್ಟೇ, 3,840ಕ್ಕೆ ಒಯ್ದರೂ ಅಷ್ಟೇ. ಸೂತ್ರವು ಹೇಳುವ ದೋಷಮಿತಿ ಅದಕ್ಕೆ ಅನ್ವಯಿಸುವುದಿಲ್ಲ.

ಹಂಪಿಯಲ್ಲಿ ಇದು ಇನ್ನೂ ಕಷ್ಟ. ಅಲ್ಲಿಗೆ ಒಂದೇ ಬಾಗಿಲಿಲ್ಲ, ಬಂದವರ ಪಟ್ಟಿ ಎಂಬುದು ಎಲ್ಲಿಯೂ ಇಲ್ಲ. ಎಣಿಕೆ ಎಲ್ಲೆಲ್ಲಿ ನಡೆಯುತ್ತದೆ ಎಂಬುದನ್ನು ಅಲ್ಲಿನವರೇ ಯಾರಾದರೂ ಹೇಳಿದರೆ ಒಳ್ಳೆಯದು.

ಕಮಲಾಪುರದ_ಗೈಡ್

ಮೇಷ್ಟ್ರ ಪ್ರಶ್ನೆಗೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಪುರಾತತ್ತ್ವ ಸರ್ವೇಕ್ಷಣ ಇಲಾಖೆಯವರು ಟಿಕೆಟ್ ಕೊಡುವುದು ವಿಜಯ ವಿಠ್ಠಲ ದೇವಸ್ಥಾನದಲ್ಲಿ ಮತ್ತು ರಾಣಿವಾಸದ ಆವರಣದಲ್ಲಿ. ಅದೇ ದಿನ ಅದೇ ಟಿಕೆಟ್ಟಿನಲ್ಲಿ ಕಮಲಾಪುರದ ವಸ್ತುಸಂಗ್ರಹಾಲಯವನ್ನೂ ನೋಡಬಹುದು. ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600 ರೂಪಾಯಿ. ಸಾರ್ಕ್ ಮತ್ತು ಬಿಮ್‌ಸ್ಟೆಕ್ ಎಂಬ ನೆರೆಹೊರೆ ದೇಶಗಳ ಒಕ್ಕೂಟದವರಿಗೆ ಭಾರತೀಯರ ದರವೇ ಆದ್ದರಿಂದ, ಶ್ರೀಲಂಕಾದಿಂದಲೋ ಥಾಯ್ಲೆಂಡಿನಿಂದಲೋ ಬಂದವರು 40 ರೂಪಾಯಿಯ ಟಿಕೆಟ್ಟಿನಲ್ಲಿಯೇ ಒಳಗೆ ಹೋಗುತ್ತಾರೆ. 15 ವರ್ಷದೊಳಗಿನವರಿಗೆ ಟಿಕೆಟ್ಟೇ ಇಲ್ಲ. ಡಿಸೆಂಬರ್, ಜನವರಿ ತಿಂಗಳಲ್ಲಿ ಶೈಕ್ಷಣಿಕ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಂತಿರುವಾಗ ಇಡೀ ಹಂಪಿಯಲ್ಲಿ ಮಕ್ಕಳೇ ಕಾಣುತ್ತಾರೆ, ಟಿಕೆಟ್ಟಿನ ಲೆಕ್ಕದಲ್ಲಿ ಮಾತ್ರ ಅವರ ಮೇಷ್ಟ್ರುಗಳಷ್ಟೇ ಇರುತ್ತಾರೆ.

ವಿರೂಪಾಕ್ಷನ ಗುಡಿಯಲ್ಲಿ ಪೂಜೆ ನಡೆಯುತ್ತಿರುವುದರಿಂದ ಅಲ್ಲಿ ಇಲಾಖೆಯ ಟಿಕೆಟ್ ಇಲ್ಲ. ಹೇಮಕೂಟ, ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ, ಉಗ್ರನರಸಿಂಹ, ಅಚ್ಯುತರಾಯನ ಗುಡಿ ಎಲ್ಲವೂ ಬಯಲಿನಲ್ಲಿ ತೆರೆದೇ ಇವೆ. ಆ ಕೊಪ್ಪಳದ ತಾಯಿ ಹುಟ್ಟಿದಾಗಿನಿಂದ ಹಂಪಿಗೆ ಬರುತ್ತಿದ್ದರೂ ಟಿಕೆಟ್ಟಿನ ಲೆಕ್ಕಕ್ಕೆ ಒಮ್ಮೆಯೂ ಸೇರಿಲ್ಲದಿರಬಹುದು.

ಇನ್ನೊಂದು ತೊಡಕು ತುಂಗಭದ್ರಾ ಹೊಳೆಯಿಂದ ಬರುವುದು. ಈ ದಂಡೆ ವಿಜಯನಗರ ಜಿಲ್ಲೆ, ಆ ದಂಡೆಯ ಆನೆಗೊಂದಿ ಮತ್ತು ಅಂಜನಾದ್ರಿ ಕೊಪ್ಪಳ ಜಿಲ್ಲೆ. ಬೆಳಿಗ್ಗೆ ವಿರೂಪಾಕ್ಷನಿಗೆ ಕೈಮುಗಿದು, ಮಧ್ಯಾಹ್ನ 575 ಮೆಟ್ಟಿಲು ಹತ್ತಿ ಆಂಜನೇಯನನ್ನು ನೋಡುವ ಒಬ್ಬ ಮನುಷ್ಯ ಎರಡು ಜಿಲ್ಲೆಗಳಿಗೂ ಅತಿಥಿ. ಎರಡೂ ಕಡೆಯವರು ಅವನನ್ನು ತಮ್ಮ ಲೆಕ್ಕಕ್ಕೆ ಬರೆದುಕೊಂಡರೆ ತಪ್ಪು ಯಾರದು ಎನ್ನುವುದು?

ದೂರದೇಶದ_ಭೂಗೋಳಿಗ

ಗೈಡ್ ಅವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ವಿಜಯನಗರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾದದ್ದು 2021ರಲ್ಲಿ. ಆದ್ದರಿಂದ ಜಿಲ್ಲಾವಾರು ಅಂಕಿಅಂಶಗಳನ್ನು ಹಾಗೆಯೇ ತೆಗೆದುಕೊಂಡು ರೇಖೆ ಎಳೆದರೆ ಬಳ್ಳಾರಿಯ ಪ್ರವಾಸೋದ್ಯಮ ಆ ವರ್ಷದ ಸುಮಾರಿಗೆ ಕುಸಿದಂತೆ ಕಾಣುತ್ತದೆ. ಕೋವಿಡ್ ಕಾಲವೂ ಅದೇ ಆಗಿರುವುದರಿಂದ ಕುಸಿತಕ್ಕೆ ಸುಲಭವಾದ ವಿವರಣೆ ಸಿಕ್ಕಿಬಿಡುತ್ತದೆ, ಗಡಿ ಬದಲಾದದ್ದು ಯಾರ ನೆನಪಿಗೂ ಬರುವುದಿಲ್ಲ. ಹಾಗೆಯೇ ಹಂಪಿಯೆದುರಿನ ನಡುಗಡ್ಡೆಯಾದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ತೆರವುಗೊಳಿಸುವುದನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು. ಮುಂದಿನ ತಿಂಗಳು ಅವು ನೆಲಸಮವಾದವು. ವಸತಿಗೃಹಗಳ ದಾಖಲೆಯನ್ನು ನಂಬಿದ ಅಧ್ಯಯನಕ್ಕೆ ಇದು ಇನ್ನೊಂದು ಕಡಿತ.

ಈಗ ಮೂಲ ಪ್ರಶ್ನೆ. ವಿಶ್ವಸಂಸ್ಥೆಯ 2008ರ ಶಿಫಾರಸುಗಳ ಪ್ರಕಾರ, ತನ್ನ ವಾಡಿಕೆಯ ಪರಿಸರದಿಂದ ಹೊರಗೆ, ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ, ಅಲ್ಲಿ ಸಂಬಳಕ್ಕೆ ದುಡಿಯುವುದಕ್ಕಲ್ಲದೆ ಬೇರಾವುದೇ ಮುಖ್ಯ ಉದ್ದೇಶಕ್ಕಾಗಿ ಹೋಗುವವನು ಸಂದರ್ಶಕ. ಅವನು ಕನಿಷ್ಠ ಒಂದು ರಾತ್ರಿ ತಂಗಿದರೆ ಪ್ರವಾಸಿಗ, ತಂಗದಿದ್ದರೆ ಅದೇ ದಿನದ ಸಂದರ್ಶಕ. ತೀರ್ಥಯಾತ್ರೆಯೂ ಅಲ್ಲಿನ ಉದ್ದೇಶಗಳ ಪಟ್ಟಿಯಲ್ಲಿ ಸ್ಪಷ್ಟವಾಗಿಯೇ ಇದೆ. ಹೀಗಾಗಿ ಪ್ರತಿ ಸೋಮವಾರ ಹೊಸಪೇಟೆಯಿಂದ ಬಂದು ಹೋಗುವ ಭಕ್ತರು ತಮ್ಮ ವಾಡಿಕೆಯ ಪರಿಸರದೊಳಗೇ ಇದ್ದಾರೆ; ವರ್ಷಕ್ಕೊಮ್ಮೆ ಬಂದು ಪೌಳಿಯಲ್ಲಿ ಮಲಗುವ ಆ ತಾಯಿ, ತಮ್ಮನ್ನು ಏನೆಂದು ಕರೆದುಕೊಂಡರೂ, ಶಾಸ್ತ್ರದ ಪ್ರಕಾರ ಪ್ರವಾಸಿಗರೇ. ತೊಡಕು ಬರುವುದು ನಮ್ಮ ದೇಶದ ಆಡಳಿತದ ವ್ಯಾಖ್ಯೆಯಲ್ಲಿ. ದೇಶೀಯ ಪ್ರವಾಸಿಗರ ಅಂಕಿಅಂಶಕ್ಕಾಗಿ ಕೇಂದ್ರ ಸಚಿವಾಲಯವು ಇಟ್ಟುಕೊಂಡು ಬಂದ ವ್ಯಾಖ್ಯೆಯು ಹೋಟೆಲಿನಲ್ಲೋ, ಧರ್ಮಶಾಲೆ ಅಥವಾ ಛತ್ರದಲ್ಲೋ ತಂಗಿದವರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ನೆಂಟರ ಮನೆಯಲ್ಲಿ ಉಳಿದವರು ಅದರಲ್ಲಿ ಸೇರುವುದಿಲ್ಲ. ಆದರೆ 2014ರ ಜುಲೈಯಿಂದ 2015ರ ಜೂನ್‌ವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 72ನೆಯ ಸುತ್ತು ಮನೆಮನೆಗೆ ಹೋಗಿ ಕೇಳಿದಾಗ, ಭಾರತೀಯರ ರಾತ್ರಿ ತಂಗುವ ಪ್ರಯಾಣಗಳಲ್ಲಿ ಬಹುಪಾಲು ಮದುವೆ, ಮುಂಜಿ, ಸಾವುನೋವು, ಬಂಧುಗಳ ಭೇಟಿ ಇತ್ಯಾದಿ ಸಾಮಾಜಿಕ ಕಾರಣಗಳಿಗೇ ಎಂದು ಕಂಡುಬಂತು, ಅತಿ ಹೆಚ್ಚು ಬಳಕೆಯಾದ ವಾಹನ ಬಸ್ಸು. ಒಂದು ಲೆಕ್ಕ ಲಾಡ್ಜಿನ ಬಾಗಿಲಿನಿಂದ ನೋಡುತ್ತದೆ, ಇನ್ನೊಂದು ಮನೆಯ ಹೊಸ್ತಿಲಿನಿಂದ. ಎರಡಕ್ಕೂ ಕಾಣುವ ದೇಶ ಬೇರೆ ಬೇರೆ.

ಆದ್ದರಿಂದ ನನ್ನ ಅಭಿಪ್ರಾಯ: ಅವರನ್ನು ಹೊರಗಿಡಬೇಡಿ.

ಡಿಪೊ_ನಿರ್ವಾಹಕ

ಬಸ್ಸಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಈ ಭಾಗದ ಸಾರಿಗೆಯಲ್ಲಿ ನಿರ್ವಾಹಕ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ಟಿಕೆಟ್ ಕೊಡುತ್ತೇವೆ. ಅದರ ಲೆಕ್ಕದ ಮೇಲೆಯೇ ಸರ್ಕಾರ ನಿಗಮಗಳಿಗೆ ಹಣ ತುಂಬಿಕೊಡುವುದರಿಂದ ಪ್ರತಿಯೊಂದು ಟಿಕೆಟ್ಟೂ ಹತ್ತಿದ ನಿಲ್ದಾಣ ಮತ್ತು ಇಳಿಯುವ ನಿಲ್ದಾಣದ ಸಮೇತ ಯಂತ್ರದಲ್ಲಿ ದಾಖಲಾಗುತ್ತದೆ. ಇಷ್ಟು ವಿವರವಾದ ಮಾಹಿತಿ ಇರುವಾಗ ಸಂಶೋಧಕರು ದೇವಸ್ಥಾನದ ಮುಂದೆ ಬಿಸಿಲಿನಲ್ಲಿ ಏಕೆ ಕುಳಿತುಕೊಳ್ಳಬೇಕು ಎಂದು ಮೊದಲು ಅನಿಸಿತು.

ಆದರೆ ನನಗೇ ಅದರಲ್ಲಿರುವ ತೂತುಗಳೂ ಗೊತ್ತು. ಕುಷ್ಟಗಿಯಿಂದ ಹಂಪಿಗೆ ಹೊರಟ ಹೆಣ್ಣುಮಗಳು ಹೊಸಪೇಟೆಯಲ್ಲಿ ಬಸ್ ಬದಲಿಸಿದರೆ ಯಂತ್ರದಲ್ಲಿ ಎರಡು ಪ್ರಯಾಣಗಳಾಗುತ್ತವೆ. ಎರಡನೆಯ ನಿರ್ವಾಹಕನಿಗೆ ಅವರು ಹೊಸಪೇಟೆಯವರೇ. ಅದೇ ಬಸ್ಸಿನಲ್ಲಿ ಹಂಪಿಯ ಅಂಗಡಿಗೆ ಹೋಗುವವರು, ಕೂಲಿಗೆ ಹೋಗುವವರು, ಕಾಲೇಜಿನಿಂದ ಮರಳುವ ಹುಡುಗಿಯರು ಎಲ್ಲರಿಗೂ ಒಂದೇ ಬಗೆಯ ಟಿಕೆಟ್. ಯಾತ್ರೆಗೆ ಹೊರಟವರು ಯಾರೆಂದು ಕೈಯಲ್ಲಿರುವ ಬುಟ್ಟಿ, ಹೂವು, ಕಾಯಿ ನೋಡಿದರೆ ನನಗೆ ತಿಳಿಯುತ್ತದೆ; ಯಂತ್ರಕ್ಕೆ ತಿಳಿಯುವುದಿಲ್ಲ. ಗಂಡಸರು ಹಣ ಕೊಟ್ಟು ಪಡೆಯುವ ಟಿಕೆಟ್ ಬೇರೆ ಲೆಕ್ಕ. ಜಾತ್ರೆ, ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಟ್ರ್ಯಾಕ್ಟರ್, ಕ್ರೂಸರ್, ಟಂಟಂಗಳಲ್ಲಿ ಬರುವವರು ನಮ್ಮ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಆದರೂ ಒಂದನ್ನು ಕಣ್ಣಾರೆ ಕಂಡಿದ್ದೇನೆ. ಮೊದಲೆಲ್ಲ ಗಂಡನೋ ಮಗನೋ ಹೊರಟಾಗ ಜೊತೆಗೆ ಹೊರಡುತ್ತಿದ್ದ ಹೆಂಗಸರು ಈಗ ನಾಲ್ಕೈದು ಮಂದಿ ಸೇರಿ ತಾವೇ ಹೊರಡುತ್ತಾರೆ. ಯಾರ ಅನುಮತಿಯಿಂದ ಹೊರಟಿರಿ, ಯಾರ ಜೊತೆ ಹೊರಟಿರಿ ಎಂಬ ಪ್ರಶ್ನೆ ತಮ್ಮ ಹಾಳೆಯಲ್ಲಿ ಇದೆಯೇ ಮೇಡಂ?

ಹೊಸಪೇಟೆ_ಸಂಶೋಧಕಿ

ಇಲ್ಲ ಅಣ್ಣಾ, ಇರಲಿಲ್ಲ. ‘ಪ್ರವಾಸದ ನಿರ್ಧಾರ ಕೈಗೊಳ್ಳುವವರು: ಸ್ವತಃ / ಸಂಗಾತಿ / ಕುಟುಂಬ’ ಎಂದು ಒಂದು ಸಾಲಿತ್ತು, ಅದನ್ನು ಬೇರೊಂದು ಪ್ರಶ್ನಾವಳಿಯಿಂದ ಹಾಗೆಯೇ ಎತ್ತಿಕೊಂಡಿದ್ದೆ. ಓಣಿಯ ಹೆಂಗಸರ ಗುಂಪು ಅದರಲ್ಲಿ ಎಲ್ಲಿಯೂ ಕೂರುವುದಿಲ್ಲ.

ಇನ್ನೊಂದು ಸಂದೇಹ. ನನ್ನ ಸೈದ್ಧಾಂತಿಕ ಅಧ್ಯಾಯದಲ್ಲಿ ಪ್ರವಾಸದ ಬಗ್ಗೆ ಸಿದ್ಧಾಂತಗಳನ್ನು ರೂಪಿಸಿದ ಕೋಹೆನ್, ಪ್ಲಾಗ್, ಬಟ್ಲರ್, ಡಾಕ್ಸಿ ಈ ನಾಲ್ವರೂ ಇದ್ದಾರೆ. ಅವರನ್ನು ಏನು ಮಾಡಲಿ?

ದೂರದೇಶದ_ಭೂಗೋಳಿಗ

ಅವರವರು ಎಲ್ಲಿ ನಿಂತು ಬರೆದರೆಂಬುದನ್ನು ಮರೆಯದೆ ಇಟ್ಟುಕೊಳ್ಳಿ. ಸ್ಟ್ಯಾನ್ಲಿ ಪ್ಲಾಗ್ ಅವರ ವರ್ಗೀಕರಣ ಹುಟ್ಟಿದ್ದು, ಅಮೆರಿಕದಲ್ಲಿ ಜನರು ವಿಮಾನ ಹತ್ತಲು ಏಕೆ ಹಿಂಜರಿಯುತ್ತಾರೆ ಎಂದು ವಿಮಾನಯಾನ ಸಂಸ್ಥೆಗಳಿಗಾಗಿ ಮಾಡಿದ ಅಧ್ಯಯನದಿಂದ. ಪರಿಚಿತ ಜಾಗಕ್ಕೇ ಮತ್ತೆ ಮತ್ತೆ ಹೋಗುವವನು ಅವರ ಅಳತೆಯಲ್ಲಿ ಅಂಜುಬುರುಕ ತುದಿಯವನು. ಮನೆದೇವರಿಗೆ ವರ್ಷವರ್ಷವೂ ಹೋಗುವ ಮನೆತನವನ್ನು ಆ ತುದಿಯಲ್ಲಿ ಕೂರಿಸಿದರೆ ಹಾಸ್ಯಾಸ್ಪದವಾಗುತ್ತದೆ. ಅವರು ಅಂಜಿಕೆಯಿಂದ ಅಲ್ಲಿಗೆ ಮರಳುವುದಲ್ಲ, ನಡೆದುಕೊಳ್ಳುವ ದೇವರೆಂದು ಮರಳುತ್ತಾರೆ. ಎರಿಕ್ ಕೋಹೆನ್ 1972ರಲ್ಲಿ ಗುರುತಿಸಿದ ನಾಲ್ಕು ಬಗೆಯ ಪ್ರವಾಸಿಗರಲ್ಲಿ ಅಲೆಮಾರಿ ಎಂಬ ಕೊನೆಯ ಬಗೆ ಒಂದು ಕಾಲದಲ್ಲಿ ವಿರೂಪಾಪುರ ಗಡ್ಡೆಯಲ್ಲಿ ತಿಂಗಳುಗಟ್ಟಲೆ ಇದ್ದವರಿಗೆ ಚೆನ್ನಾಗಿ ಒಪ್ಪುತ್ತದೆ. ಬುತ್ತಿ ಕಟ್ಟಿಕೊಂಡು ಬಂದವರಿಗೆ ಅಲ್ಲಿ ಜಾಗವಿಲ್ಲ. ಇವರಿಗೆ ಹತ್ತಿರವಾದ ಅಧ್ಯಯನ ಬೇಕಿದ್ದರೆ ಭೂಗೋಳಶಾಸ್ತ್ರಜ್ಞ ಸುರಿಂದರ್ ಭಾರದ್ವಾಜ್ ಅವರು ಹಿಂದೂ ತೀರ್ಥಕ್ಷೇತ್ರಗಳ ಬಗ್ಗೆ 1973ರಲ್ಲಿ ಪ್ರಕಟಿಸಿದ್ದನ್ನು ಓದಿ. ಯಾವ ಕ್ಷೇತ್ರಕ್ಕೆ ಎಷ್ಟು ದೂರದಿಂದ, ಎಂಥ ಕಾರಣಕ್ಕೆ ಯಾತ್ರಿಕರು ಬರುತ್ತಾರೆ ಎಂಬ ಪ್ರಶ್ನೆಯನ್ನು ಅವರು ಕ್ಷೇತ್ರಗಳ ಶ್ರೇಣಿಯೊಂದಿಗೆ ಜೋಡಿಸಿ ನೋಡಿದ್ದಾರೆ. ಪ್ರವಾಸೋದ್ಯಮ ವಿಭಾಗದವರು ಅದನ್ನು ಭೂಗೋಳವೆಂದು ಬದಿಗಿಟ್ಟಿರುವುದು ನಷ್ಟವೇ ಸರಿ.

ಬಟ್ಲರ್ ಅವರ 1980ರ ರೇಖೆಗೆ, ಅಂದರೆ ಪ್ರವಾಸಿ ತಾಣವೊಂದು ಅನ್ವೇಷಣೆಯಿಂದ ಶುರುವಾಗಿ ಬೆಳವಣಿಗೆಯನ್ನು ದಾಟಿ ಸ್ಥಗಿತಕ್ಕೆ ಬಂದು, ಅಲ್ಲಿಂದ ಕುಸಿಯುವ ಅಥವಾ ಚಿಗುರುವ ಆ ಏರಿಳಿತಕ್ಕೆ, ನನ್ನ ಆಕ್ಷೇಪ ಬೇರೆ. ಆ ಚಿತ್ರದ ಲಂಬಾಕ್ಷ ಪ್ರವಾಸಿಗರ ಸಂಖ್ಯೆ. ಮೇಲೆ ಗೈಡ್ ಅವರು ವಿವರಿಸಿದ ಸ್ಥಿತಿಯಲ್ಲಿ ಹಂಪಿಗೆ ಆ ಅಕ್ಷವೇ ಇಲ್ಲ. ಅಕ್ಷವಿಲ್ಲದೆ ‘ಹಂಪಿಯು ಸ್ಥಗಿತದ ಹಂತದಲ್ಲಿದೆ’ ಎಂದು ಬರೆಯುವುದು ಭವಿಷ್ಯ ಹೇಳಿದಂತೆ.

ಕಾಫಿತೋಟ_ಮಡಿಕೇರಿ

ಬಟ್ಲರರ ಬಗ್ಗೆ ಇಷ್ಟು ಕಠಿಣವಾಗಬೇಡಿ. ನಾವು ಹೋಂಸ್ಟೇ ನಡೆಸುವವರು. ಸಂಖ್ಯೆ ಗೊತ್ತಿಲ್ಲದಿದ್ದರೂ ರೇಖೆ ಎಲ್ಲಿಗೆ ಬಂದಿದೆ ಎಂಬುದು ಶನಿವಾರ ಬೆಳಿಗ್ಗೆ ರಸ್ತೆಗೆ ಬಂದರೆ ನಮಗೆ ಗೊತ್ತಾಗುತ್ತದೆ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ. ರಜೆಗಳು ಸಾಲಾಗಿ ಬಂದಾಗ ಮಡಿಕೇರಿಯ ರಾಜಾಸೀಟಿನಿಂದ ಅಬ್ಬಿ ಜಲಪಾತದ ತನಕ ಊರವರ ವಾಹನ ಹೊರಡುವುದೇ ದುಸ್ತರ. ಪ್ರವಾಸಿಗರ ಬಗ್ಗೆ ಊರವರ ಮನೋಭಾವಕ್ಕೆ ಡಾಕ್ಸಿಯವರು 1975ರಲ್ಲಿ ಹೇಳಿದ ನಾಲ್ಕು ಮೆಟ್ಟಿಲುಗಳು, ಮೊದಲು ಸಂಭ್ರಮ, ಆಮೇಲೆ ಉದಾಸೀನ, ಅನಂತರ ಕಿರಿಕಿರಿ, ಕೊನೆಗೆ ಹಗೆ, ಇವೆಲ್ಲ ಒಂದೇ ಮನೆಯಲ್ಲಿ ಒಂದೇ ದಿನ ಇರುತ್ತವೆ. ಕೋಣೆ ಬಾಡಿಗೆ ಎಣಿಸುವಾಗ ಸಂಭ್ರಮ, ತೋಟದ ಬೇಲಿಯೊಳಗೆ ಬಾಟಲಿ ಸಿಕ್ಕಾಗ ಹಗೆ.

ಒಂದು ವಿಚಿತ್ರ ಹೇಳುತ್ತೇನೆ. ನಮ್ಮಲ್ಲಿ ವಿದೇಶಿಯರೊಬ್ಬರು ಒಂದು ರಾತ್ರಿ ಉಳಿದರೂ 24 ಗಂಟೆಯೊಳಗೆ ಅವರ ವಿವರದ ನಮೂನೆಯನ್ನು ಸರ್ಕಾರಕ್ಕೆ ತುಂಬಿ ಕಳಿಸಬೇಕು, ಅವರು ಎಲ್ಲಿಂದ ಬಂದರು, ಎಲ್ಲಿಗೆ ಹೋಗುತ್ತಾರೆ ಎಂಬುದೆಲ್ಲ ಅದರಲ್ಲಿರುತ್ತದೆ. ಬೆಂಗಳೂರಿನಿಂದ ಬೆಳಿಗ್ಗೆ ಬಂದು ಮಾಂದಲ್‌ಪಟ್ಟಿ ನೋಡಿ ರಾತ್ರಿ ಮರಳುವ ಕಾರುಗಳ ಬಗ್ಗೆ ಯಾರ ಬಳಿಯೂ ಒಂದು ಸಾಲು ಇಲ್ಲ. ಊಟಿಗೆ ನೋಡಿ: ಮದ್ರಾಸ್ ಹೈಕೋರ್ಟಿನ ಆದೇಶದಿಂದ 2024ರ ಮೇ 7ರಿಂದ ಇ-ಪಾಸ್ ಬಂತು. 2025ರ ಬೇಸಿಗೆಗೆ ನೀಲಗಿರಿಯಲ್ಲಿ ವಾರದ ದಿನಗಳಲ್ಲಿ 6,000, ವಾರಾಂತ್ಯಕ್ಕೆ 8,000 ವಾಹನ ಎಂದು ಮಿತಿಯೂ ಆಯಿತು. ಧಾರಣಾ ಸಾಮರ್ಥ್ಯದ, ಅಂದರೆ ಊರು ಎಷ್ಟು ಜನ, ವಾಹನವನ್ನು ತಾಳಬಲ್ಲದು ಎಂಬುದರ, ಅಧ್ಯಯನವನ್ನು ಮದ್ರಾಸ್ ಐಐಟಿ ಮತ್ತು ಬೆಂಗಳೂರು ಐಐಎಂಗೆ ವಹಿಸಲಾಯಿತು. ಮೊದಲು ಎಣಿಕೆ, ಆಮೇಲೆ ಸಿದ್ಧಾಂತ. ಕೊಡಗಿಗೂ ಇಂಥದ್ದೊಂದು ಬೇಕೆಂದು ನಾನು ವಾದಿಸುತ್ತೇನೆ, ನನ್ನ ವ್ಯಾಪಾರಕ್ಕೆ ಅದರಿಂದ ಪೆಟ್ಟು ಬಿದ್ದರೂ ಸರಿಯೇ.

ಡಿಪೊ_ನಿರ್ವಾಹಕ

ಸಾರ್, ಊಟಿಗೆ ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಇ-ಪಾಸ್ ಬೇಕಿಲ್ಲ. ಅಲ್ಲಿಯೂ ಲೆಕ್ಕ ತಪ್ಪಿಸಿಕೊಂಡವರು ನಮ್ಮವರೇ.

ನಿವೃತ್ತ_ಮೇಷ್ಟ್ರು

ನಿರ್ವಾಹಕರ ಮಾತು ಚಿಕ್ಕದಾದರೂ ಈ ಚರ್ಚೆಯ ತಿರುಳು ಅದರಲ್ಲಿದೆ. ಎಣಿಸಲು ಸುಲಭವಾದವರನ್ನು ಎಣಿಸಿ, ಅವರನ್ನೇ ಎಲ್ಲರೆಂದು ಕರೆಯುವುದು ಪ್ರವಾಸ ಸಂಶೋಧನೆಯ ಹಳೆಯ ಚಾಳಿ. ಅದನ್ನು ತಪ್ಪಿಸಲು ಹೋದಾಗ ಇನ್ನೊಂದು ಹಳ್ಳವಿದೆ, ಅದನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ನೋಡುವುದಿಲ್ಲ.

ಮದುವೆ ಮನೆಯ ಉದಾಹರಣೆ ತೆಗೆದುಕೊಳ್ಳಿ. ಮೂರು ದಿನದ ಮದುವೆಯಲ್ಲಿ ನೀವು ಯಾವಾಗಲೋ ಒಂದು ಗಳಿಗೆ ಒಳಗೆ ಹೋಗಿ ಎದುರಿಗೆ ಕಂಡವರನ್ನೆಲ್ಲ ಬರೆದುಕೊಂಡಿರಿ ಎನ್ನೋಣ. ಮೂರು ದಿನವೂ ಠಿಕಾಣಿ ಹೂಡಿದ ಬೀಗರು, ಸೋದರಮಾವಂದಿರು ಖಂಡಿತ ಸಿಗುತ್ತಾರೆ. ಮುಹೂರ್ತಕ್ಕೆ ಬಂದು ಅಕ್ಷತೆ ಹಾಕಿ ಊಟ ಮುಗಿಸಿ ಹೋದ ನೂರಾರು ಜನ ಸಿಗುವುದಿಲ್ಲ. ಪಟ್ಟಿ ನೋಡಿದರೆ ಮದುವೆಗೆ ಬಂದವರೆಲ್ಲ ಹತ್ತಿರದ ನೆಂಟರೇ ಎಂಬ ತೀರ್ಮಾನಕ್ಕೆ ಬರುತ್ತೀರಿ. ಹಂಪಿಯ ಬಯಲಿನಲ್ಲಿ ನಿಂತು ಎದುರಾದವರನ್ನು ಕೇಳಿದಾಗಲೂ ಇದೇ ಆಗುತ್ತದೆ. ಹತ್ತು ದಿನ ಉಳಿಯುವ ವಿದೇಶಿಯ ನಿಮ್ಮ ಕಣ್ಣಿಗೆ ಬೀಳುವ ಸಂಭವ ಒಂದೇ ದಿನ ಇರುವವನಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು. ಹಾಗಾಗಿ ಸರಾಸರಿ ವಾಸ್ತವ್ಯ, ಸರಾಸರಿ ಖರ್ಚು ಎಲ್ಲವೂ ಉಬ್ಬುತ್ತವೆ, ಉಬ್ಬಿದ ಆ ಅಂಕಿ ವರದಿಗಳಿಗೆ ಚೆನ್ನಾಗಿ ಕಾಣುವುದರಿಂದ ಯಾರೂ ಅದನ್ನು ಪ್ರಶ್ನಿಸುವುದಿಲ್ಲ.

ಪರಿಹಾರ ಎರಡು. ಒಂದೋ, ಪ್ರತಿಯೊಬ್ಬರಿಂದಲೂ ಒಟ್ಟು ಎಷ್ಟು ದಿನ ಇದ್ದರೆಂದು ಕೇಳಿ ತಿಳಿದು, ಆ ದಿನಗಳ ವಿಲೋಮದ ತೂಕ ಕೊಡಬೇಕು, ಅಂದರೆ ಹತ್ತು ದಿನ ಇದ್ದವರನ್ನು ಹತ್ತರಲ್ಲಿ ಒಂದು ಪಾಲಾಗಿ ಎಣಿಸಬೇಕು. ಇಲ್ಲವೇ, ಒಳಗಿರುವವರನ್ನು ಬಿಟ್ಟು ಹೊರಡುವವರನ್ನು ಕೇಳಬೇಕು. ಹೊರಡುವುದು ಎಲ್ಲರಿಗೂ ಒಂದೇ ಸಲ. ಬಸ್ ನಿಲ್ದಾಣ, ವಾಹನ ನಿಲುಗಡೆ, ಕಮಲಾಪುರದ ದಾರಿ, ಹೊಳೆದಂಡೆ ಹೀಗೆ ಹೊರಹೋಗುವ ಜಾಗಗಳ ಪಟ್ಟಿ ಮಾಡಿ, ಹೊತ್ತುಗಳನ್ನು ಚೀಟಿ ಎತ್ತಿ ಆರಿಸಿ, ಆ ಹೊತ್ತಿನಲ್ಲಿ ಪ್ರತಿ ಹತ್ತನೆಯ ಅಥವಾ ಇಪ್ಪತ್ತನೆಯ ಗುಂಪನ್ನು ಮಾತಾಡಿಸಿ. ಜೊತೆಗೊಬ್ಬರು ದಾಟಿದ ಎಲ್ಲರನ್ನೂ ಬರಿದೇ ಎಣಿಸುತ್ತಿರಲಿ; ತೂಕ ಕೊಡಲು ಆ ಎಣಿಕೆ ಬೇಕು. ಮಾತಾಡಲು ಒಪ್ಪದವರನ್ನೂ ಬರೆದುಕೊಳ್ಳಿ. ಒಂದೇ ಹೊತ್ತಿನಲ್ಲಿ ಸಿಕ್ಕವರು ಒಬ್ಬರನ್ನೊಬ್ಬರು ಹೋಲುವುದರಿಂದ ಮಾದರಿ ಗಾತ್ರ 384 ಸಾಲದು. ಎಷ್ಟು ಬೇಕೆಂಬುದನ್ನು ಪೂರ್ವಪರೀಕ್ಷೆಯ ಹೋಲಿಕೆಯ ಪ್ರಮಾಣ ನೋಡಿ ಲೆಕ್ಕ ಹಾಕೋಣ, ಕಳಿಸಿ.

ದೂರದೇಶದ_ಭೂಗೋಳಿಗ

ಮೇಷ್ಟ್ರ ವಿಧಾನ ನಿರ್ದುಷ್ಟವಾದದ್ದು, ಆದರೆ ಒಬ್ಬ ವಿದ್ಯಾರ್ಥಿನಿಯ ಕೈಲಾಗುವಂಥದ್ದೇ ಎಂಬ ಅನುಮಾನ ನನಗಿದೆ. ಎಸ್ಟೋನಿಯಾದಲ್ಲಿ ಮೊಬೈಲ್ ಜಾಲದ ಮಾಹಿತಿಯಿಂದ ಪ್ರವಾಸಿಗರನ್ನು ಅಳೆಯುವ ಪದ್ಧತಿ ಬಹಳ ವರ್ಷಗಳಿಂದ ಬಳಕೆಯಲ್ಲಿದೆ. ನಮ್ಮಲ್ಲಿಯೂ ಯಾವುದಾದರೂ ಸರ್ಕಾರಿ ಸಂಸ್ಥೆ ಅದಕ್ಕೆ ಕೈಹಾಕಬೇಕು ಎಂದು ನನ್ನ ನಂಬಿಕೆ.

ನಿವೃತ್ತ_ಮೇಷ್ಟ್ರು

ಕೈಹಾಕಲಿ, ಬೇಡವೆನ್ನುವುದಿಲ್ಲ. ಆದರೆ ಆ ಕೊಪ್ಪಳದ ತಾಯಿಯ ಕೈಯಲ್ಲಿ ಮೊಬೈಲ್ ಇತ್ತೋ, ಅಥವಾ ಮನೆಗೆ ಒಂದೇ ಮೊಬೈಲ್ ಆಗಿ ಅದು ಮಗನ ಜೇಬಿನಲ್ಲಿತ್ತೋ?

ಕಮಲಾಪುರದ_ಗೈಡ್

ಪ್ರಶ್ನೆಗಳ ಭಾಷೆಯ ಬಗ್ಗೆಯೂ ಒಂದು ಮಾತು. ಇದುವರೆಗೆ ಹಲವು ಸಂಶೋಧನಾ ವಿದ್ಯಾರ್ಥಿಗಳಿಗೆ ಜನರನ್ನು ಮಾತಾಡಿಸಲು ನೆರವಾಗಿದ್ದೇನೆ. ‘ಸಂಪೂರ್ಣವಾಗಿ ಒಪ್ಪುತ್ತೇನೆ’ಯಿಂದ ‘ಸಂಪೂರ್ಣವಾಗಿ ಒಪ್ಪುವುದಿಲ್ಲ’ದವರೆಗೆ ಐದು ಮೆಟ್ಟಿಲು ಇಟ್ಟು ‘ಇಲ್ಲಿನ ಸೌಲಭ್ಯಗಳು ನಿಮಗೆ ತೃಪ್ತಿ ನೀಡಿವೆಯೇ’ ಎಂದು ಕೇಳಿದರೆ, ಹಳ್ಳಿಯಿಂದ ಬಂದವರು ‘ಎಲ್ಲಾ ಚಲೋ ಐತ್ರಿ, ದೇವ್ರ ದರ್ಶನ ಆತಲ್ರಿ’ ಎನ್ನುತ್ತಾರೆ. ವಿದ್ಯಾರ್ಥಿ ಅದನ್ನು ಐದಕ್ಕೆ ಐದು ಎಂದು ಗುರುತು ಹಾಕಿಕೊಳ್ಳುತ್ತಾನೆ. ದೇವರ ಮುಂದೆ ನಿಂತು ಸೌಲಭ್ಯದ ಬಗ್ಗೆ ದೂರುವುದು ಅವರಿಗೆ ಸಲ್ಲದ ಮಾತು, ಅದರಲ್ಲಿಯೂ ಕಾಗದ ಹಿಡಿದು ಬಂದ ಅಪರಿಚಿತರ ಎದುರಿಗೆ. ಅದೇ ಜನರನ್ನು ‘ರಾತ್ರಿ ಎಲ್ಲಿ ಮಲಗಿದ್ರಿ, ಕುಡಿಯೋ ನೀರು ಎಲ್ಲಿಂದ ತಂದ್ರಿ, ಹೆಣ್ಣುಮಕ್ಕಳು ಎಲ್ಲಿಗೆ ಹೋದ್ರಿ’ ಎಂದು ಕೇಳಿ ನೋಡಿ. ಒಂದು ಗಂಟೆ ಹೇಳುತ್ತಾರೆ.

ಖರ್ಚಿನ ಪ್ರಶ್ನೆಯೂ ಹಾಗೆಯೇ. ‘ಹಂಪಿಯಲ್ಲಿ ಎಷ್ಟು ಖರ್ಚು ಮಾಡಿದಿರಿ’ ಎಂದರೆ ಕಾಯಿ, ಕರ್ಪೂರ, ಬಾಳೆಹಣ್ಣು, ಆನೆ ಲಕ್ಷ್ಮಿಗೆ ಕೊಟ್ಟ ಹತ್ತು ರೂಪಾಯಿ ಇಷ್ಟನ್ನೇ ಹೇಳುತ್ತಾರೆ. ಊರಲ್ಲಿ ರೊಟ್ಟಿಗೆ ಸಜ್ಜೆ ಬೀಸಿದ್ದು, ಶೇಂಗಾ ಚಟ್ನಿ ಕುಟ್ಟಿದ್ದು, ಮಕ್ಕಳಿಗೆ ಹೊಸ ಬಟ್ಟೆ ತಂದದ್ದು, ಕ್ರೂಸರಿಗೆ ಎಲ್ಲರೂ ಪಟ್ಟಿ ಹಾಕಿ ಕೊಟ್ಟದ್ದು, ಇವು ಯಾವುವೂ ಹಾಳೆಗೆ ಬರುವುದಿಲ್ಲ. ಕೊನೆಗೆ ‘ಯಾತ್ರಿಕರಿಂದ ಆರ್ಥಿಕ ಲಾಭವಿಲ್ಲ’ ಎಂದು ಬರೆದುಬಿಡುತ್ತಾರೆ.

ದೂರದೇಶದ_ಭೂಗೋಳಿಗ

ಪ್ರಯಾಣಕ್ಕಾಗಿ ಹೊರಡುವ ಮೊದಲೇ ಕೊಂಡದ್ದೂ ಪ್ರವಾಸದ ವೆಚ್ಚವೇ ಎಂದು ಆ 2008ರ ಶಿಫಾರಸುಗಳೂ ಹೇಳುತ್ತವೆ. ಕೇಳದಿರುವ ತಪ್ಪು ನಮ್ಮದು.

ಗುಡಿಯ_ಒಕ್ಕಲು

ಎಲ್ಲವನ್ನೂ ಓದಿದೆ. ನನಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ದೇವರಿಗೆ ನಡೆದುಕೊಳ್ಳುವವರನ್ನು ಪ್ರವಾಸಿಗರ ಪಟ್ಟಿಗೆ ಸೇರಿಸಿದರೆ ನಾಳೆ ಅದೇ ಅಂಕಿಯನ್ನು ಮುಂದಿಟ್ಟುಕೊಂಡು ಇನ್ನಷ್ಟು ಹೋಟೆಲು, ಇನ್ನಷ್ಟು ಬ್ಯಾಟರಿ ಗಾಡಿ, ಇನ್ನೊಂದು ತೆರವು ಎಂದು ಬರುವುದಿಲ್ಲವೇ? 2011ರಲ್ಲಿ ಹಂಪಿ ಬಜಾರಿನ ಮಂಟಪಗಳಿಂದ ಜನರನ್ನು ಎಬ್ಬಿಸಿದ್ದನ್ನು ನೋಡಿದವರು ನಾವು. ಎಣಿಕೆಗೆ ಸಿಗದಿರುವುದೇ ಒಂದು ರಕ್ಷಣೆ ಎಂದು ಕೆಲವೊಮ್ಮೆ ಅನಿಸುತ್ತದೆ.

ಹೊಸಪೇಟೆ_ಸಂಶೋಧಕಿ

ತಮ್ಮ ಆತಂಕಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಎಣಿಕೆಗೆ ಸಿಗದ ಕಾರಣಕ್ಕೇ ಪೌಳಿಯಲ್ಲಿ ಮಲಗುವವರಿಗೆ ಶೌಚಾಲಯ, ನೀರು ಯಾರ ಯೋಜನೆಯಲ್ಲಿಯೂ ಇಲ್ಲವೆಂಬುದೂ ನಿಜವಲ್ಲವೇ? ಅವರನ್ನು ‘ಪ್ರವಾಸಿಗರು’ ಎಂಬ ಒಂದೇ ಮೊತ್ತದಲ್ಲಿ ಕರಗಿಸದೆ, ಪ್ರತ್ಯೇಕ ಸಾಲಾಗಿಯೇ ಪ್ರಬಂಧದ ಪ್ರತಿಯೊಂದು ಕೋಷ್ಟಕದಲ್ಲಿಯೂ ಇಡುತ್ತೇನೆ. ಇಷ್ಟನ್ನು ಮಾತ್ರ ಹೇಳಬಲ್ಲೆ.

ಪ್ರಶ್ನಾವಳಿಯನ್ನು ತಿದ್ದಿದ್ದೇನೆ. ‘ಪ್ರವಾಸಿಗರೋ, ಸ್ಥಳೀಯರೋ’ ಎಂಬುದನ್ನು ತೆಗೆದು ‘ಯಾವ ಊರಿಂದ ಬಂದಿರಿ, ಇದಕ್ಕೂ ಮೊದಲು ಯಾವಾಗ ಬಂದಿದ್ದಿರಿ, ಯಾತಕ್ಕೆ ಬಂದಿರಿ’ ಎಂದು ಬಾಯಿಮಾತಿನಲ್ಲಿಯೇ ಕೇಳಿ, ಅವರ ಪದಗಳಲ್ಲಿಯೇ ಬರೆದುಕೊಳ್ಳುತ್ತೇನೆ, ವರ್ಗೀಕರಣ ಆಮೇಲೆ. ವಾಸ್ತವ್ಯಕ್ಕೆ ಪೌಳಿ, ಮಂಟಪ, ಛತ್ರ, ನೆಂಟರ ಮನೆ, ವಾಹನದಲ್ಲಿಯೇ ಎಂಬ ಆಯ್ಕೆಗಳು ಬಂದಿವೆ. ಯಾರ ಜೊತೆ ಹೊರಟಿರಿ ಎಂಬುದು ನಿರ್ವಾಹಕ ಅಣ್ಣನವರ ಪ್ರಶ್ನೆ, ಅದೂ ಸೇರಿದೆ. ಬಟ್ಲರ್ ಅವರನ್ನು ಸದ್ಯ ಬಿಟ್ಟಿಲ್ಲ, ಮಾರ್ಗದರ್ಶಕರು ಬಿಡಲೊಪ್ಪಿಲ್ಲ. ಹೊರಹೋಗುವ ಜಾಗಗಳ ಪಟ್ಟಿಯಲ್ಲಿ ತಳವಾರಘಟ್ಟದ ಹರಿಗೋಲನ್ನು ಸೇರಿಸಬೇಕೆ, ಅಥವಾ ಕಡೆಬಾಗಿಲು ಸೇತುವೆಯ ಮೇಲೆ ನಿಂತರೆ ಸಾಕೇ ಎಂಬುದು ಮಾತ್ರ ಉಳಿದಿದೆ.

ಕಮಲಾಪುರದ_ಗೈಡ್

ಎರಡೂ ಬೇಕು. ಸೇತುವೆಯ ಮೇಲೆ ವಾಹನದವರು ದಾಟುತ್ತಾರೆ, ನಡೆದು ಬಂದವರು ಹೊಳೆಯನ್ನೇ ದಾಟುತ್ತಾರೆ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಹರಿಗೋಲು ನಿಲ್ಲುತ್ತದೆ. ಆ ದಿನಗಳನ್ನು ಬೇರೆಯಾಗಿ ಗುರುತಿಸಿಕೊಳ್ಳಿ. ಮುಂದಿನ ಹುಣ್ಣಿಮೆಯಂದು ಬಿಡುವಾಗಿದ್ದೇನೆ, ತಳವಾರಘಟ್ಟದಲ್ಲಿ ನಾನು ಎಣಿಸುತ್ತೇನೆ, ತಾವು ಮಾತಾಡಿಸಿ.

ಡಿಪೊ_ನಿರ್ವಾಹಕ

ಹುಣ್ಣಿಮೆಗೆ ಹೆಚ್ಚುವರಿ ಬಸ್ ಬಿಡುತ್ತಾರೆ. ಕೊನೆಯ ಬಸ್ಸಿನವರನ್ನು ಮರೆಯಬೇಡಿ ಮೇಡಂ. ಅದರಲ್ಲಿ ನಿಂತುಕೊಂಡು ಹೋಗುವವರೇ ಹೆಚ್ಚು.